ಮೂರೆಕರೆ ಹೊಲ, ಮೊದಲ ವರ್ಷ: ಯಾವ ಕೆಲಸ ಮುಂಚೆ, ಯಾವುದು ಆಮೇಲೆ

ಪುಣೆಯಲ್ಲೋ ಬೆಂಗಳೂರಿನಲ್ಲೋ ಹತ್ತು-ಹದಿನೈದು ವರ್ಷ ದುಡಿದು ಊರಿಗೆ ವಾಪಸ್ ಬಂದವರು ನಮ್ಮ ಕಡೆ ಈಗ ಜಾಸ್ತಿ. ಅಪ್ಪನಿಂದ ಪಾಲಿಗೆ ಬಂದ ಎರಡು-ಮೂರು ಎಕರೆ ಇರುತ್ತದೆ. ಮನೆಗೆ ಬೇಕಾದ ಜೋಳ, ಕಾಳು, ಪಲ್ಲೆ, ಹಾಲು ಅಲ್ಲೇ ಆಗಲಿ ಎಂಬ ಆಸೆಯೂ ಇರುತ್ತದೆ. ಬಂದ ತಿಂಗಳೇ ಬೋರ್ ಕೊರೆಸುತ್ತಾರೆ. ಮರುತಿಂಗಳು ನೂರು ಗಿಡ ಹಚ್ಚುತ್ತಾರೆ. ಅದರ ಮುಂದಿನ ತಿಂಗಳು ಎಮ್ಮೆ ಬರುತ್ತದೆ. ಏಪ್ರಿಲ್ ಹೊತ್ತಿಗೆ ಬೋರ್ ಗಾಳಿ ಉಗುಳುತ್ತದೆ, ಗಿಡ ಕಟ್ಟಿಗೆಯಾಗುತ್ತವೆ, ಎಮ್ಮೆ ಸಂತೆಗೆ ಹೋಗುತ್ತದೆ.

ನಾನೂ ಇದೇ ಸಾಲಿನವನು. ಬಸವನ ಬಾಗೇವಾಡಿ ತಾಲೂಕಿನ ನನ್ನ ಹೊಲದಲ್ಲಿ ಮೊದಲ ವರ್ಷ 80 ಲಿಂಬೆ ಸಸಿ ಹಚ್ಚಿದ್ದೆ. ಬೇಸಿಗೆ ದಾಟಿದವು 26. ಸಸಿ ಕೆಟ್ಟದ್ದಲ್ಲ, ಮಣ್ಣೂ ಕೆಟ್ಟದ್ದಲ್ಲ. ಕೆಲಸದ ಸರದಿ ತಪ್ಪಿತ್ತು, ಅಷ್ಟೇ.

ಇಲ್ಲಿ ಬರೆದಿರುವುದು ಮಳೆ ಮತ್ತು ಸಣ್ಣ ಬೋರ್ ನಂಬಿದ ಒಣ ಹೊಲಕ್ಕೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಅಥಣಿ ಕಡೆಯ ಎರೆ (ಕಪ್ಪು ಮಣ್ಣು) ಮತ್ತು ಮಡ್ಡಿ (ತೆಳು ಮಣ್ಣಿನ ಗರಸು) ನೆಲಕ್ಕೆ ಹೊಂದುತ್ತದೆ. ಖಾನಾಪುರದ ಮಲೆನಾಡಿಗೆ ಇದು ಹೊಂದುವುದಿಲ್ಲ. ಕಾಲುವೆ ನೀರಾವರಿ ಇದ್ದವರಿಗೆ ನೀರಿನ ಲೆಕ್ಕ ಬೇರೆ. ಅಲ್ಲಿ ಸವಳು-ಜವಳಿನ (ನೆಲ ಉಪ್ಪಾಗುವ, ನೀರು ನಿಲ್ಲುವ) ಚಿಂತೆ ಮುಂದೆ ಬರುತ್ತದೆ. ಲೆಕ್ಕವನ್ನು ಯುಗಾದಿಯಿಂದ ಶುರು ಮಾಡಿದ್ದೇನೆ. ನೀವು ದೀಪಾವಳಿಗೆ ಬಂದಿದ್ದರೆ ಯುಗಾದಿವರೆಗೆ 1ನೇ ಹಂತ ಮುಗಿಸಿಕೊಂಡು ಸುಮ್ನೆ ಕಾಯಿರಿ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಸಲಿಕೆ, ಗುದ್ದಲಿ, ಹಾರೆ, ಕುಡುಗೋಲು, ಎರಡು ಕುರ್ಪಿ. 30 ಮೀಟರಿನ ಟೇಪು. 200 ಲೀಟರಿನ ಒಂದು ಡ್ರಮ್. ಮಟ್ಟ ನೋಡಲು 15 ಮೀಟರ್ ಪಾರದರ್ಶಕ ನೀರಿನ ಪೈಪು. ನೂರು ಗೂಟ. ಒಳ್ಳೆಯ ಬ್ಯಾಟರಿ, ಮೊಣಕಾಲಿನವರೆಗಿನ ಗಂಬೂಟು. ಒಂದು ನೋಟ್‌ಬುಕ್.

ಪವರ್ ಟಿಲ್ಲರ್, ಕಳೆ ಕತ್ತರಿಸುವ ಯಂತ್ರ, ಮೇವು ಕತ್ತರಿಸುವ ಯಂತ್ರ ಯಾವುದೂ ಮೊದಲ ವರ್ಷ ಬೇಡ. ಟ್ರ್ಯಾಕ್ಟರ್, ಎತ್ತು ಬಾಡಿಗೆಗೆ ಸಿಗುತ್ತವೆ. ಮೂರೆಕರೆಗೆ ಯಂತ್ರ ಕೊಂಡವರು ಆಮೇಲೆ ಅದಕ್ಕೆ ಕೆಲಸ ಹುಡುಕುತ್ತಾರೆ.

## ಹಂತ 1: ಕಾಗದ, ಗಡಿ, ದಾರಿ (ಯುಗಾದಿಗೆ ಮುಂಚೆ)

ಪಹಣಿ ತೆಗೆಸಿ. ನಿಮ್ಮ ಹೆಸರು 9ನೇ ಕಲಂನಲ್ಲಿ ಇದೆಯಾ, ಎಷ್ಟು ಎಕರೆ-ಗುಂಟೆ ಎಂದು ಬರೆದಿದೆ, ನೋಡಿ. ಆಮೇಲೆ 11ನೇ ಕಲಂ ಓದಿ. ಹಳೆ ಬ್ಯಾಂಕ್ ಸಾಲ, ಬೇರೆಯವರ ಹಕ್ಕು ಅಲ್ಲಿ ಕಾಣುತ್ತದೆ. ಹೆಸರು ಇನ್ನೂ ಅಜ್ಜನದೇ ಇದ್ದರೆ, ಅಥವಾ ಅಣ್ಣತಮ್ಮಂದಿರದು ಒಟ್ಟಾಗಿ ಇದ್ದರೆ ಅದು ಸರಿಯಾಗುವವರೆಗೆ ನೆಲದಲ್ಲಿ ದೊಡ್ಡ ಖರ್ಚು ಹಾಕಬೇಡಿ. ಬಾಯಿಮಾತಿನ ಪಾಲು ನಿಮ್ಮ ಬೋರ್ ಚಾಲೂ ಆದ ದಿನವೇ ತಕರಾರಾಗುತ್ತದೆ.

ಹದ್ದುಬಸ್ತಿಗೆ ಅರ್ಜಿ ಕೊಟ್ಟು ಭೂಮಾಪಕರಿಂದ ಗಡಿ ಗುರುತು ಮಾಡಿಸಿ. ಅಳತೆ ದಿನ ನಾಲ್ಕೂ ಕಡೆಯ ಬಾಜು ಹೊಲದವರು ಎದುರಿಗೆ ಇರಲಿ, ಅವರಿಗೂ ಚಹಾ ಕುಡಿಸಿ. ಬೇಲಿ ಇದಾದ ಮೇಲೆ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಎಲ್ಲಿದೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಎಲ್ಲರ ಹೊಲದ ಮೇಲೂ ಹಾಯಬಹುದು, ಬಿತ್ತಿದ ಮೇಲೆ ಯಾರೂ ಬಿಡುವುದಿಲ್ಲ.

ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ನೋಂದಣಿ) ಸಂಖ್ಯೆ ಮಾಡಿಸಿಕೊಳ್ಳಿ. ಎಲ್ಲ ಸರ್ವೆ ನಂಬರ್ ಅದಕ್ಕೆ ಸೇರಿದೆಯಾ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕೃಷಿ ಹೊಂಡವೋ ಹನಿ ನೀರಾವರಿಯೋ, ಸಹಾಯಧನ ಕೇಳಲು ಹೋದರೆ ಮೊದಲು ಕೇಳುವುದೇ ಇದನ್ನು.

## ಹಂತ 2: ನೀರನ್ನು ಮೇ ತಿಂಗಳಲ್ಲಿ ಅಳೆಯಿರಿ

ಇದೊಂದು ಹಂತ ಸರಿಯಾಗಿ ಮಾಡಿದರೆ ಉಳಿದವು ತಪ್ಪಿದರೂ ತಿದ್ದಬಹುದು. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಎಲ್ಲರೂ ಮಾಡುವ ತಪ್ಪು ಬೋರ್ ನೀರನ್ನು ಅಕ್ಟೋಬರದಲ್ಲಿ ನೋಡುವುದು. ಮಳೆ ಮುಗಿದು ನೆಲ ತುಂಬಿದಾಗ ಯಾವ ಬೋರಾದರೂ ಎರಡಿಂಚು ಎಸೆಯುತ್ತದೆ. ನಿಮ್ಮ ಹೊಲಕ್ಕೆ ನಿಜವಾಗಿ ಎಷ್ಟು ನೀರಿದೆ ಎಂದು ಹೇಳುವುದು ಏಪ್ರಿಲ್ ಕೊನೆ, ಮೇ ಮೊದಲು.

ಅಳೆಯುವುದು ಹೀಗೆ. ಡ್ರಮ್ಮನ್ನು ಪೈಪಿನ ಕೆಳಗಿಡಿ. ಮೋಟಾರು ಹಾಕಿ ಹತ್ತು ನಿಮಿಷ ಬಿಟ್ಟು, ಡ್ರಮ್ ತುಂಬಲು ಎಷ್ಟು ನಿಮಿಷ ಬೇಕು ನೋಡಿ. 200 ಲೀಟರ್ 4 ನಿಮಿಷದಲ್ಲಿ ತುಂಬಿದರೆ ತಾಸಿಗೆ 3,000 ಲೀಟರ್. ಇದನ್ನು ನಂಬಬೇಡಿ. ಮೋಟಾರು ಬಂದ್ ಮಾಡದೆ ಮೂರು ತಾಸು ಓಡಿಸಿ, ಮತ್ತೆ ಅಳೆಯಿರಿ. ಈಗ 7 ನಿಮಿಷ ಬೇಕಾದರೆ ನಿಮ್ಮ ನೀರು ತಾಸಿಗೆ ಸುಮಾರು 1,700 ಲೀಟರ್. ನೋಟ್‌ಬುಕ್ಕಿಗೆ ಬರೆಯುವುದು ಈ ಎರಡನೇ ಅಂಕಿ. ನಡುವೆ ಗಾಳಿ ಬಂದು ನೀರು ಕಡಿಯುತ್ತಿದ್ದರೆ ಅಲ್ಲೇ ನಿಲ್ಲಿಸಿ, ಇಲ್ಲವಾದರೆ ಮೋಟಾರು ಸುಡುತ್ತದೆ. ಎಷ್ಟು ತಾಸು ಬಿಟ್ಟ ಮೇಲೆ ಮತ್ತೆ ಮೊದಲಿನಂತೆ ಬರುತ್ತದೆ ಎಂಬುದನ್ನೂ ಬರೆದಿಡಿ.

ಇನ್ನು ಖರ್ಚಿನ ಕಡೆ. ಐದು ಜನರ ಮನೆಗೆ ದಿನಕ್ಕೆ 400 ಲೀಟರ್. ಒಂದು ಎಮ್ಮೆಗೆ ಕುಡಿಯಲು, ಮೈ ತೊಳೆಯಲು ಬೇಸಿಗೆಯಲ್ಲಿ 100. ಎರಡು ಗುಂಟೆ ಪಲ್ಲೆಯ ಮಡಿಗೆ ಬೇಸಿಗೆಯಲ್ಲಿ 1,100. ಹೊಸದಾಗಿ ಹಚ್ಚಿದ 20 ಗಿಡಕ್ಕೆ ತಲಾ 15ರಂತೆ 300. ಒಟ್ಟು 1,900 ಲೀಟರ್. ಮೇಲಿನ ಬೋರ್ ಇದ್ದರೆ ಇದು ಸಲೀಸು, ಅಲ್ವಾ? ಈಗ ನನ್ನ 80 ಲಿಂಬೆ ಸೇರಿಸಿ. ಮೊದಲ ವರ್ಷ 1,200. ನಾಲ್ಕನೇ ವರ್ಷ ಗಿಡಕ್ಕೆ 50 ಲೀಟರ್ ಹಿಡಿದರೂ ಬರೇ ಲಿಂಬೆಗೇ 4,000. ನಾನು ಹಚ್ಚುವಾಗ ಸಸಿಗೆ ಬೇಕಾದ ನೀರನ್ನೂ ಎಣಿಸಲಿಲ್ಲ, ಮರಕ್ಕೆ ಬೇಕಾದದ್ದನ್ನು ಕೇಳುವುದೇ ಬೇಡ.

ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟ್ ಬರುವುದು ದಿನಕ್ಕೆ ಕೆಲವೇ ತಾಸು, ಅದೂ ಒಮ್ಮೊಮ್ಮೆ ರಾತ್ರಿ. ಹಾಗಾಗಿ ಬೋರ್ ಎಷ್ಟು ಕೊಡುತ್ತದೆ ಎಂಬುದರ ಜೊತೆಗೆ ನೀವು ಎಷ್ಟು ಹಿಡಿದಿಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎರಡು ದಿನದ ನೀರು ಹಿಡಿಯುವ ಟಾಕಿ ಮೊದಲ ವರ್ಷದ ಒಳ್ಳೆಯ ಖರ್ಚು. ಎರಡನೇ ಬೋರ್ ಕೆಟ್ಟ ಖರ್ಚು. ಒಂದೇ ಹೊಲದಲ್ಲಿ ಎರಡು ತೂತು ಹಾಕಿದರೆ ಹಲವು ಸಲ ಅದೇ ನೀರು ಎರಡು ಕಡೆ ಬರುತ್ತದೆ.

ನೀರಿನ ಉಪ್ಪನ್ನೂ ನೋಡಿಸಿ. ವಿಜಯಪುರದ ಹಿಟ್ನಳ್ಳಿಯಲ್ಲಿ, ಬಾಗಲಕೋಟೆಯಲ್ಲಿ, ಬೆಳಗಾವಿ ಜಿಲ್ಲೆಯ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಲ್ಲಿ ವಿಚಾರಿಸಿದರೆ ಪರೀಕ್ಷೆಯ ದಾರಿ ಹೇಳುತ್ತಾರೆ. ವರದಿಯಲ್ಲಿ ವಿದ್ಯುತ್ ವಾಹಕತೆ ಎಂಬ ಸಾಲು ಇರುತ್ತದೆ. ಅದು 2 ಡೆಸಿಸೀಮನ್ಸ್/ಮೀಟರ್ (dS/m) ದಾಟಿದರೆ ಲಿಂಬೆಯ ಆಸೆ ಬಿಡಿ. ದಾಳಿಂಬೆ, ಬಾರಿಹಣ್ಣು (ಬೋರೆ) ಅಷ್ಟು ಉಪ್ಪನ್ನು ತಡೆಯುತ್ತವೆ.

ಎಚ್ಚರಿಕೆಯ ಗುರುತು: ಬೋರಿನ ಸುತ್ತ, ಪೈಪಿನ ಬಾಯಲ್ಲಿ ಬಿಳಿ ಪುಡಿ ಕಟ್ಟುವುದು. ಹಳೆಯ ಮಡಿಯಲ್ಲಿ ನೀರು ಇಂಗದೆ ಮೇಲೇ ನಿಂತು ನೆಲ ಹೆಪ್ಪುಗಟ್ಟುವುದು.

## ಹಂತ 3: ಮಣ್ಣು ತೆಗೆದು ನೋಡಿ (ಮೇ)

ಹೊಲದ ಹತ್ತು ಕಡೆ ವಿ ಆಕಾರದಲ್ಲಿ ಆರಿಂಚು ತೋಡಿ, ಬದಿಯ ಮಣ್ಣು ಕೆತ್ತಿ ಕೂಡಿಸಿ, ಅರ್ಧ ಕಿಲೋ ಪರೀಕ್ಷೆಗೆ ಕಳಿಸಿ. ತಿಪ್ಪೆ ಇದ್ದ ಜಾಗ, ಬದುವಿನ ಅಂಚು, ಮರದ ಬುಡ ಬಿಡಿ. ಎರೆ ಮತ್ತು ಮಡ್ಡಿ ಎರಡೂ ಇದ್ದರೆ ಎರಡು ಬೇರೆ ಪೊಟ್ಟಣ.

ಗಿಡ ಹಚ್ಚುವ ಜಾಗದಲ್ಲಿ ಮೂರಡಿ ಗುಂಡಿ ತೋಡಿ. ಎಷ್ಟು ಅಡಿಗೆ ಗರಸು (ಹರಳುಕಲ್ಲಿನ ಪದರ) ಹತ್ತುತ್ತದೆ? ಬಿಳಿ ಸುಣ್ಣದ ಹರಳು ಕಾಣುತ್ತವೆಯಾ? ಒಂದು ಹೆಂಟೆ ಮೇಲೆ ಲಿಂಬೆ ರಸ ಹಿಂಡಿ. ಬುರುಬುರು ನೊರೆ ಬಂದರೆ ಸುಣ್ಣ ಜಾಸ್ತಿ. ಅಂಥ ಕಡೆ ಲಿಂಬೆ, ಪೇರಲದ ಎಳೆ ಎಲೆ ಹಳದಿಯಾಗುತ್ತವೆ. ನೆಲದಲ್ಲಿ ಕಬ್ಬಿಣ ಇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಲಿಂಬೆ ಹಚ್ಚುವ ಮುಂಚೆ ಲಿಂಬೆಹಣ್ಣನ್ನೇ ಕೇಳಿದಂತೆ ಆಯಿತು.

## ಹಂತ 4: ಮೊದಲ ಮಳೆಗಾಲ ನೋಡುವುದಕ್ಕೆ

ಇಲ್ಲಿ ನನ್ನ ಮಾತು ಹಲವರಿಗೆ ಹಿಡಿಸುವುದಿಲ್ಲ. ಕೃಷಿ ಹೊಂಡವನ್ನು ಮೊದಲ ಬೇಸಿಗೆಯಲ್ಲೇ ತೋಡಿಸಬೇಡಿ. ಯಂತ್ರ ಊರಿಗೆ ಬಂದಿದೆ, ಬಾಡಿಗೆ ಕಡಿಮೆ ಎಂದು ರಸ್ತೆ ಹತ್ತಿರದ ಮೂಲೆಯಲ್ಲಿ ತೋಡಿಸುತ್ತಾರೆ. ಮಳೆ ಬಂದಾಗ ನೀರು ಇನ್ನೊಂದು ಮೂಲೆಯಿಂದ ಹರಿದು ಹೋಗುತ್ತದೆ. ಇಂಥ ಒಣ ಹೊಂಡ ದಾರಿಯುದ್ದಕ್ಕೂ ತೋರಿಸಬಲ್ಲೆ.

ಮಿರಗ (ಮೃಗಶಿರ) ಮಳೆ ಶುರುವಾದ ಮೇಲೆ, ಜೋರು ಮಳೆ ಬರುವಾಗಲೇ ಗಂಬೂಟು ಹಾಕಿ ಹೊಲಕ್ಕೆ ಹೋಗಿ. ಸಿಡಿಲು ಇದ್ದರೆ ಮಾತ್ರ ಬೇಡ. ನೀರು ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಒಡ್ಡು ಒಡೆಯುತ್ತದೆ, ಎಲ್ಲಿ ಮಣ್ಣು ಕೊಚ್ಚಿ ಹೋಗುತ್ತದೆ, ಅಲ್ಲೆಲ್ಲ ಗೂಟ ಹೊಡೆಯಿರಿ. ಉತ್ತರಿ, ಹಸ್ತ ಮಳೆವರೆಗೂ ಹೀಗೇ. ನಮ್ಮಲ್ಲಿ ಜೋರು ಮಳೆ ಬರುವುದೇ ಸೆಪ್ಟೆಂಬರಿನಲ್ಲಿ. ಆ ಗೂಟಗಳನ್ನು ನೋಡಿ ಮುಂದಿನ ಬೇಸಿಗೆಯಲ್ಲಿ ಹೊಂಡ ತೋಡಿಸಿ.

ಮಳೆ ಅಳೆಯಲು ಮೇಲಿಂದ ಕೆಳಗೆ ಒಂದೇ ಅಗಲ ಇರುವ ಡಬ್ಬಿ ಸಾಕು. ಬಯಲಲ್ಲಿಟ್ಟು, ಬೆಳಿಗ್ಗೆ ಒಳಗಿನ ನೀರಿನ ಆಳವನ್ನು ಸ್ಕೇಲಿನಿಂದ ನೋಡಿ. 25 ಮಿ.ಮೀ. ಬಂದರೆ ಒಂದು ಎಕರೆ ಮೇಲೆ ಒಂದು ಲಕ್ಷ ಲೀಟರ್ ಬಿದ್ದಿದೆ ಎಂದರ್ಥ. ವಿಜಯಪುರಕ್ಕೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ನೆಲಕ್ಕೆ ಇಳಿಸಿಕೊಂಡರೆ ಅದು ಕಡಿಮೆಯೇನಲ್ಲ.

ಇಳಿಸಿಕೊಳ್ಳಲು ಮೊದಲ ವರ್ಷವೇ ಮಾಡಬಹುದಾದದ್ದು ಚೌಕುಮಡಿ. ಹಿಂಗಾರಿಗೆ ಬಿಟ್ಟ ಎರೆ ಹೊಲವನ್ನು ಜೂನ್-ಜುಲೈನಲ್ಲಿ 10ರಿಂದ 15 ಅಡಿಯ ಚೌಕಗಳಾಗಿ ಮಾಡಿ, ನಡುವೆ ಗೇಣೆತ್ತರದ ಬದು ಎಳೆಸಿ. ಎತ್ತಿನ ಸಾಧನದಿಂದ ಆಗುವ ಕೆಲಸ. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಬಿತ್ತುವ ಮುಂಚೆ ಹರಗಿದರೆ ಬದು ಹೋಗುತ್ತದೆ. ಒಡೆದ ಒಡ್ಡುಗಳನ್ನೂ ಇದೇ ಹೊತ್ತಿಗೆ ಕಟ್ಟಿ. ನೀರು ಹೊರಹೋಗುವ ಕಡೆ ಕಲ್ಲು ಜೋಡಿಸಿ, ಬರೇ ಮಣ್ಣು ಏರಿಸಿದರೆ ಮತ್ತೆ ಅಲ್ಲೇ ಒಡೆಯುತ್ತದೆ. ಎರೆ ಹಸಿ ಇರುವಾಗ ಟ್ರ್ಯಾಕ್ಟರ್ ಇಳಿಸಬೇಡಿ. ಗಾಲಿ ತುಳಿದ ಜಾಗ ಇಟ್ಟಂಗಿಯಾಗುತ್ತದೆ.

ಮುಂದೆ ಹೊಂಡ ತೋಡಿಸುವಾಗ ಲೆಕ್ಕಕ್ಕೆ ಇರಲಿ: ಮೇಲೆ 12 ಮೀಟರ್ ಚೌಕ, ತಳದಲ್ಲಿ 3 ಮೀಟರ್ ಚೌಕ, ಆಳ 3 ಮೀಟರ್ ಇದ್ದರೆ 1 ಲಕ್ಷ 89 ಸಾವಿರ ಲೀಟರ್ ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಜಾರಿ ಬಿದ್ದರೆ ಈಜು ಬಲ್ಲವರೂ ಹತ್ತಿ ಬರುವುದು ಕಷ್ಟ. ಸುತ್ತ ತಂತಿ ಬೇಲಿ, ಒಳಗೆ ನಾಲ್ಕು ಕಡೆ ಗಂಟು ಹಾಕಿದ ಹಗ್ಗ. ಇವಿಲ್ಲದೆ ನೀರು ತುಂಬಿಸಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಎರಡು ಸಲ ಓದಿ.

## ಹಂತ 5: ಮೊದಲು ತಾಟಿಗೆ ಬರುವುದನ್ನು ಬೆಳೆಯಿರಿ

ಎರಡು ಗುಂಟೆ ಪಲ್ಲೆಯ ಮಡಿ, ಅದೂ ಅಡುಗೆಮನೆ ಅಥವಾ ಶೆಡ್ಡಿನಿಂದ ಕೂಗಳತೆಯಲ್ಲಿ. ದೂರ ಇದ್ದರೆ ನೀವು ಹೋಗುವುದಿಲ್ಲ, ಕುರಿ ಹೋಗುತ್ತವೆ. ಬೇಲಿಯನ್ನು ಮೊದಲು ಇಷ್ಟಕ್ಕೇ ಹಾಕಿ. ಇಡೀ ಮೂರೆಕರೆಗೆ ತಂತಿ ಹಾಕಲು ಹೋಗಿ ಹಣವೆಲ್ಲ ಕಂಬಕ್ಕೆ ಸುರಿದವರಿದ್ದಾರೆ.

ಮೆಂತೆ, ರಾಜಗಿರಿ, ಪುಂಡಿಪಲ್ಲೆ, ಮೂಲಂಗಿ, ಚವಳಿಕಾಯಿ, ಮುಳಗಾಯಿ, ಹೀರೇಕಾಯಿ, ಮೆಣಸಿನಕಾಯಿ. ಮೊದಲ ವರ್ಷ ಇಷ್ಟೇ. ಮೆಂತೆಯನ್ನು ಒಂದೇ ದಿನ ಎಲ್ಲ ಚೆಲ್ಲಬೇಡಿ, ಹದಿನೈದು ದಿನಕ್ಕೊಂದು ಸಣ್ಣ ಮಡಿ. ಬೇಸಿಗೆಯಲ್ಲಿ ಮಡಿಯನ್ನು ಅರ್ಧಕ್ಕೆ ಇಳಿಸಿ. ಬೇಸಿಗೆ ಪೂರ್ತಿ ಹಸಿರು ಇರಲೇಬೇಕು ಎಂಬ ಹಟಕ್ಕೆ ಬೋರ್ ಬಲಿಯಾಗುತ್ತದೆ.

ಇನ್ನು ಜೋಳ. ಐದು ಜನ ದಿನಕ್ಕೆ ತಲಾ ನಾಲ್ಕು ರೊಟ್ಟಿ ತಿಂದರೆ ವರ್ಷಕ್ಕೆ ಸುಮಾರು 5 ಕ್ವಿಂಟಲ್ ಬೇಕು. ಒಳ್ಳೆಯ ಎರೆಯಲ್ಲಿ, ಹಸಿ ಇದ್ದರೆ, ಒಂದು ಎಕರೆ ಬಿಳಿಜೋಳದಿಂದ ಅದು ಬರುತ್ತದೆ. ಮಾಲದಂಡಿ ತಳಿಯೇ ಸಾಕು. ಎಕರೆಗೆ 3 ಕಿಲೋ ಬೀಜ. ಬಿತ್ತಿಗೆ ಉತ್ತರಿ ಮಳೆಯಿಂದ ಹಸ್ತದ ಒಳಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ. ತಡವಾದಷ್ಟೂ ನೆಲದ ಹಸಿ ಆರುತ್ತದೆ. ಜೊತೆಗೆ ಹತ್ತು ಗುಂಟೆ ಕಡಲೆ. ಹೊಲದ ಅಂಚಿಗೆ ನಾಲ್ಕು ಸಾಲು ಕುಸುಬೆ ಇರಲಿ. ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ, ಮನೆಗೆ ಎಣ್ಣೆಯೂ ಆಗುತ್ತದೆ.

ಉಳ್ಳಾಗಡ್ಡಿ, ಕಬ್ಬು, ದ್ರಾಕ್ಷಿ? ಬೇಡ. ಅವು ಮಾರುಕಟ್ಟೆಯ ಬೆಳೆ, ಅದರ ಜೂಜು ಬೇರೆ.

## ಹಂತ 6: ಬಣವೆ ಮೊದಲು, ಎಮ್ಮೆ ಆಮೇಲೆ

ಒಂದು ಎಮ್ಮೆಗೆ ದಿನಕ್ಕೆ 6 ಕಿಲೋ ಒಣ ಕಣಿಕೆ ಹಿಡಿದರೂ ವರ್ಷಕ್ಕೆ 22 ಕ್ವಿಂಟಲ್. ಅಂದರೆ ಒಂದು ಎಕರೆ ಜೋಳದ ಕಣಿಕೆಯೆಲ್ಲ ಅದೊಂದಕ್ಕೇ ಹೋಗುತ್ತದೆ. ನಿಮ್ಮ ಜೋಳ ಕೊಯ್ಲಿಗೆ ಬರುವುದು ಫೆಬ್ರವರಿ ಸುಮಾರಿಗೆ. ಅದಕ್ಕೂ ಮುಂಚೆ ತಂದ ಎಮ್ಮೆಗೆ ಪ್ರತಿ ಪೆಂಡಿಯನ್ನೂ ಕೊಂಡೇ ಹಾಕಬೇಕು. ಮೊದಲ ವರ್ಷ ನನ್ನ ಮನೆಯ ಹಾಲು ಡೈರಿ ಹಾಲಿಗಿಂತ ದುಬಾರಿ ಬಿದ್ದದ್ದು ಹೀಗೆ. ಮನೆಯವಳು ಇಂದಿಗೂ ಆ ಮಾತು ಎತ್ತುವುದನ್ನು ಬಿಟ್ಟಿಲ್ಲ.

ಹಾಗಾಗಿ ಸರದಿ ಹೀಗಿರಲಿ. ಆಗಸ್ಟಿನಲ್ಲಿ ಹತ್ತು ಜವಾರಿ ಕೋಳಿ, ರಾತ್ರಿ ಮುಚ್ಚುವ ಗಟ್ಟಿ ಗೂಡಿನ ಜೊತೆ. ಬದುವಿನ ಮೇಲೆ ಆಗಲೇ ಮೇವಿಗೆಂದು ಹೈಬ್ರಿಡ್ ನೇಪಿಯರ್ ಹುಲ್ಲಿನ ತುಂಡು, ಚೊಗಚಿ, ಗ್ಲಿರಿಸಿಡಿಯಾ ಹಚ್ಚಿ. ಆಡು ಸಾಕುವುದಿದ್ದರೆ ಎರಡು ಸಾಕು, ಅದೂ ಗಿಡಗಳಿಗೆ ಬೇಲಿ ಆದ ಮೇಲೆ. ಕಣಿಕೆಯ ಬಣವೆ ಒಟ್ಟಿ ಮುಗಿದ ಮೇಲೆ ಎಮ್ಮೆ ನೋಡಲು ಹೋಗಿ. ಪಂಢರಪುರಿ ಎಮ್ಮೆ ನಮ್ಮ ಬಿಸಿಲಿಗೆ ಒಗ್ಗಿದ್ದು. ಕೊಳ್ಳುವ ಮುಂಚೆ ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಎದುರಿಗೇ ಹಿಂಡಿಸಿ ನೋಡಿ.

ಎಳೆ ಜೋಳದ ಪೈರನ್ನು, ಬಿಸಿಲಿಗೆ ಬಾಡಿದ ಕೂಳೆ ಚಿಗುರನ್ನು ದನಕ್ಕೆ ಮೇಯಿಸಬೇಡಿ. ಅದರಲ್ಲಿ ಸೈನೈಡ್ ವಿಷ ಇರುತ್ತದೆ, ತಾಸಿನೊಳಗೆ ದನ ಸಾಯಬಹುದು. ಹೊಟ್ಟೆ ಉಬ್ಬಿ, ಉಸಿರು ಎಳೆದು, ನಡುಗಿ ಬಿದ್ದರೆ ಮನೆಮದ್ದು ಮಾಡುತ್ತ ಕೂರದೆ ಪಶುವೈದ್ಯರನ್ನು ಕರೆಯಿರಿ. ಗಳಲೆ ಮತ್ತು ಚಪ್ಪೆ ಬೇನೆಯ ಲಸಿಕೆ ಮಳೆಗಾಲಕ್ಕೆ ಮುಂಚೆ ಆಗಬೇಕು.

## ಹಂತ 7: ಗಿಡ ಇಪ್ಪತ್ತು, ಅಷ್ಟೇ

ಮೇ ತಿಂಗಳಲ್ಲಿ ತೋಡಿದ ಗುಂಡಿ ಬಿಸಿಲು ಕಾಯಲಿ. ಮೊದಲ ಮಳೆಗೇ ಹಚ್ಚಬೇಡಿ. ನಮ್ಮಲ್ಲಿ ಜೂನ್ ಆದ ಮೇಲೆ ಜುಲೈ ಒಣಗುವುದು ಹೊಸದಲ್ಲ. ನೆಲದಲ್ಲಿ ಹಸಿ ಒಂದು ಮೊಳ ಇಳಿದ ಮೇಲೆ, ಆಗಸ್ಟಿನಲ್ಲಿ ಹಚ್ಚಿದರೂ ನಷ್ಟವಿಲ್ಲ.

ಎರಡು ಕರಿಬೇವು, ನಾಲ್ಕು ನುಗ್ಗೆ, ಮೂರು ಲಿಂಬೆ, ಎರಡು ಪೇರಲ, ಎರಡು ಸೀತಾಫಲ. ಉಳಿದದ್ದು ಪಶ್ಚಿಮ ಗಡಿಗೆ ಬೇವು, ಗಾಳಿ ತಡೆಯಲು. ನುಗ್ಗೆಗೆ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿ ಸಿಕ್ಕರೆ ಹಚ್ಚಿ, ವರ್ಷದೊಳಗೆ ಕಾಯಿ ಬಿಡುತ್ತದೆ. ಗಿಡದ ಬುಡ ತಗ್ಗಿನಲ್ಲಿ ಇರಬಾರದು. ಎರೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ದೀಪಾವಳಿ ಆದ ಮೇಲೆ ಬುಡಕ್ಕೆ ಗೇಣುದ್ದ ಹೊಟ್ಟು, ಕಸ ಮುಚ್ಚಿ. ಎರೆ ಬಿರುಕು ಬಿಟ್ಟರೆ ಬೇರು ಹರಿಯುತ್ತವೆ, ಹಸಿಯೂ ಆರುತ್ತದೆ.

## ಹಂತ 8: ಮನೆ ಈ ವರ್ಷ ಅಲ್ಲ

ತಗಡಿನ ಒಂದು ಶೆಡ್ಡು, ಒಂದು ಶೌಚಾಲಯ, ಬೀಜ-ಗೊಬ್ಬರ ಇಡಲು ಇಲಿ ಹೊಗದ ಒಂದು ಪೆಟ್ಟಿಗೆ. ಇಷ್ಟರಲ್ಲಿ ವರ್ಷ ಕಳೆಯಿರಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಅದರ ಮೇಲೆ ಸುಮ್ನೆ ಕಟ್ಟಿದ ಗೋಡೆ ಸೀಳುತ್ತದೆ. ಗರಸು ಮೇಲೆ ಇರುವ ಮಡ್ಡಿ ಕಡೆ ಮನೆ, ಎರೆಯಲ್ಲಿ ಬೆಳೆ. ಒಂದು ಮಳೆಗಾಲ ನೋಡಿದ ಮೇಲೆ ಆ ಜಾಗ ತಾನೇ ಗೊತ್ತಾಗುತ್ತದೆ.

ಕಣಿಕೆ, ಕಟ್ಟಿಗೆ ಶೆಡ್ಡಿಗೆ ತಾಗಿಸಿ ಒಟ್ಟಬೇಡಿ, ಹಾವು ಸೇರುತ್ತವೆ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ತಕ್ಷಣ ತಾಲೂಕು ಆಸ್ಪತ್ರೆಗೆ ಹೋಗಿ.

## ಯಾವಾಗ ನಿಲ್ಲಿಸಬೇಕು

ವರ್ಷಕ್ಕೆಂದು ಇಟ್ಟ ಹಣದಲ್ಲಿ ಅರ್ಧ ದೀಪಾವಳಿಯ ಒಳಗೆ ಮುಗಿದಿದ್ದರೆ ಹೊಸ ಕೆಲಸ ಯಾವುದನ್ನೂ ಹಿಡಿಯಬೇಡಿ. ಬೇಸಿಗೆಯ ಖರ್ಚು ಇನ್ನೂ ಬಂದಿಲ್ಲ. ಜನವರಿಯಲ್ಲೇ ಡ್ರಮ್ ತುಂಬುವ ನಿಮಿಷ ಕಳೆದ ಮೇ ತಿಂಗಳ ಅಂಕಿಗೆ ಬಂದಿದ್ದರೆ ಪಲ್ಲೆಯ ಮಡಿ ಆಗಲೇ ಅರ್ಧ ಮಾಡಿ, ಗಿಡಗಳ ನೀರು ಉಳಿಸಿ. ಕೂಲಿಯವರಿಲ್ಲದೆ ಒಂದು ವಾರವೂ ನಡೆಯುತ್ತಿಲ್ಲ ಎಂದಾದರೆ ಹೊಲ ನಿಮ್ಮ ಕೈಗಿಂತ ದೊಡ್ಡದಾಗಿದೆ. ಒಂದು ಎಕರೆಯನ್ನು ಪಾಲಿಗೆ ಕೊಡಿ, ಅದರಲ್ಲಿ ಅವಮಾನ ಏನಿಲ್ಲ.

ಎರಡನೇ ಯುಗಾದಿಗೆ ನೋಟ್‌ಬುಕ್ ತೆಗೆದು ಮೇ ತಿಂಗಳ ಡ್ರಮ್ಮಿನ ಅಂಕಿ, ಮಳೆಯ ಪಟ್ಟಿ, ಗೂಟಗಳ ನಕ್ಷೆ ಮುಂದಿಟ್ಟುಕೊಳ್ಳಿ. ಹೊಂಡದ ಅರ್ಜಿ ಆಗ ಬರೆಯಿರಿ. ಲಿಂಬೆ ಸಸಿ ಇನ್ನೆಷ್ಟು ಬೇಕು ಎಂಬ ಮಾತನ್ನು ಹೊಂಡ ಒಮ್ಮೆ ತುಂಬಿದ ಮೇಲೆ ನೋಡೋಣ.